ಬೊಟ್ಟಿಟ್ಟ ಗಾಜು

ಕುಣಿಗಲ್ ದಾಟಿ ಹಾಸನದ ಕಡೆಗೆ ಬರುತ್ತಿದ್ದೆವು. ಮುಂದೆ ಟಾರ್ಪಾಲು ಹೊದಿಸದ ಜಲ್ಲಿ ಲಾರಿ. ಠಣ್ ಎಂದು ಒಂದು ಸದ್ದಾಯಿತು, ಅಷ್ಟೆ. ಮನೆಗೆ ಬಂದು ನೋಡಿದರೆ ಅಮ್ಮ ಕೂರುವ ಎಡಬದಿಯಲ್ಲಿ, ಕಾರಿನ ಮುಂದಿನ ಗಾಜಿನ ಕೆಳಗಂಚಿನ ಹತ್ತಿರ, ಹುರುಳಿಕಾಳಿನಷ್ಟು ಚಕ್ಕೆ ಎದ್ದಿತ್ತು.

ಅವತ್ತೇ ಹೋಗಿ ರಾಳ ತುಂಬಿಸಿದ್ದರೆ ಏಳೆಂಟು ನೂರರಲ್ಲಿ ಮುಗಿಯುತ್ತಿತ್ತು. ಚಕ್ಕೆ ನಾಣ್ಯದಗಲಕ್ಕಿಂತ ಚಿಕ್ಕದಿರುವಾಗ, ಒಳಗೆ ನೀರು ಧೂಳು ಸೇರುವ ಮೊದಲು, ತೂತಿನ ಗಾಳಿಯನ್ನು ಹೀರಿ ತೆಗೆದು ತೆಳು ರಾಳ ಬಿಟ್ಟು, ನೇರಳಾತೀತ ದೀಪ ಹಿಡಿದು ಗಟ್ಟಿ ಮಾಡುತ್ತಾರೆ. ಗೊತ್ತಿದ್ದೂ ಮುಂದೂಡಿದೆ. ಆ ತಿಂಗಳು ಮಗಳ ಕಾಲೇಜಿನ ಫೀಸು ಕಟ್ಟಬೇಕಿತ್ತು. ಕೈಯಲ್ಲಿ ಕಾಸಿಲ್ಲದಾಗ ಕಣ್ಣು ಕೂಡ ಸಣ್ಣದನ್ನು ಇನ್ನೂ ಸಣ್ಣದಾಗಿ ನೋಡುತ್ತದೆ.

ಹಾಸನದ ಡಿಸೆಂಬರ್ ಬೆಳಗು. ಗಾಜಿನ ಮೇಲಿನ ಇಬ್ಬನಿ ಕರಗಲೆಂದು ಬಿಸಿಗಾಳಿ ಹಾಕಿದೆ. ನಮ್ಮಿಬ್ಬರ ಕಣ್ಣೆದುರೇ ಆ ಹುರುಳಿಕಾಳಿಗೆ ಬಾಲ ಬಂತು. ಸದ್ದಿಲ್ಲದೆ ಒಂದು ಗೇಣು ಓಡಿ ನಿಂತಿತು. ಗಾಜು ಒತ್ತಿದರೆ ತಡೆದುಕೊಳ್ಳುತ್ತದೆ, ಜಗ್ಗಿದರೆ ತಡೆಯದು. ಒಳಮೈ ಬಿಸಿಯಾಗಿ ಹಿಗ್ಗಿದಾಗ ತಣ್ಣಗಿದ್ದ ಹೊರಮೈಗೆ ಜಗ್ಗು ಬಿತ್ತು; ಜಗ್ಗೆಲ್ಲ ಬಂದು ಸೇರುವುದು ಬಿರುಕಿನ ತುದಿಗೇ. ಅಮ್ಮ ಒಳಗಿನಿಂದ ಬೆರಳಾಡಿಸಿ ನೋಡಿದಳು. ನುಣುಪಾಗಿತ್ತು. ಒಡೆದಿದ್ದದ್ದು ಹೊರಪದರ ಮಾತ್ರ. ಅವಳು ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ಬಿರುಕಿನ ತುದಿಗೆ ಅಂಟಿಸಿ, “ಇದನ್ನ ದಾಟಬಾರದು ನೋಡು” ಎಂದಳು, ಹಠ ಹಿಡಿದ ಮಗುವಿಗೆ ಹೇಳುವ ಹಾಗೆ.

ಸಂಕ್ರಾಂತಿ ಹೊತ್ತಿಗೆ ಗಾಜಿನ ಮೇಲೆ ನಾಲ್ಕು ಬೊಟ್ಟು. ರಾತ್ರಿ ಎದುರಿನ ಹೆಡ್‌ಲೈಟು ಬಿರುಕಿಗೆ ಬಡಿದು ಚೂರುಚೂರಾಗಿ ನನ್ನ ಕಣ್ಣಿಗೂ ಬರತೊಡಗಿತು. ಇನ್ನು ತಡೆಯಲಾಗದು ಅನ್ನಿಸಿದ್ದು ಆಗ.

ಹತ್ತು ವರ್ಷ ಹಳೆಯ ಪುಟ್ಟ ಕಾರು. ಶೋರೂಮಿನಲ್ಲಿ 7,800 ರೂಪಾಯಿ ಹೇಳಿದರು. ವಿಮೆಯ ಲೆಕ್ಕ ಹಾಕಿದೆ. ಗಾಜಿಗೆ ಸವಕಳಿ ಕಳೆಯುವುದಿಲ್ಲ, ಅದೊಂದು ಅನುಕೂಲ. ಆದರೆ ನಮ್ಮಂಥ ಚಿಕ್ಕ ಕಾರಿಗೆ ಮೊದಲ 1,000 ರೂಪಾಯಿ ನಮ್ಮದೇ. ಜೊತೆಗೆ ಐದು ವರ್ಷ ಕ್ಲೇಮ್ ಮಾಡದೆ ಕಾಪಾಡಿಕೊಂಡ ಶೇ 50ರ ರಿಯಾಯಿತಿ ಕೈಬಿಟ್ಟು ಹೋಗುತ್ತದೆ. ಕೂಡಿ ಕಳೆದು ನೋಡಿದರೆ ಕೈಯಿಂದಲೇ ಕೊಡುವುದು ಮೇಲು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದು ಫೋನಿನಲ್ಲಿ 4,200 ಎಂದಿತು. ಹೇಗೂ ಚಿಕ್ಕಮ್ಮನನ್ನು ನೋಡಲು ಹೋಗಬೇಕಿತ್ತು. ಇಬ್ಬರೂ ಹೊರಟೆವು.

ಜೆ.ಸಿ. ರಸ್ತೆ ಎಂದರೆ ನನಗೆ ಮೊದಲು ನೆನಪಾಗುವುದು ರವೀಂದ್ರ ಕಲಾಕ್ಷೇತ್ರ. ಕಾಲೇಜು ದಿನಗಳಲ್ಲಿ ನಾಟಕ ನೋಡಲು ಬರುತ್ತಿದ್ದ ಈ ರಸ್ತೆಯ ಇನ್ನೊಂದು ಬದುಕನ್ನು ನಾನು ಗಮನಿಸಿಯೇ ಇರಲಿಲ್ಲ. ಸೀಟ್ ಕವರು, ಹಾರನ್ನು, ಬಂಪರು, ಓಣಿಯೊಳಗೆ ಒಂದರ ಮಗ್ಗುಲಿಗೊಂದು ನಿಲ್ಲಿಸಿದ ಗಾಜುಗಳು. ಅಂಗಡಿಯ ಹಿರಿಯರು ಗಾಜಿನ ಮೂಲೆಯ ಐಎಸ್‌ಐ ಗುರುತು ತೋರಿಸಿದರು. ಕಾರು ಕಂಪನಿಯ ಲಾಂಛನ ಇರಲಿಲ್ಲ. ಬೆಲೆಯ ವ್ಯತ್ಯಾಸಕ್ಕೆ ಅದೂ ಒಂದು ಕಾರಣವಂತೆ.

ಈ ಗಾಜಿನ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎಂಬ ರಸಾಯನಜ್ಞ, ಕಲಾವಿದನೂ ಆಗಿದ್ದವನು, ಗಾಜಿನ ಬುರುಡೆಯೊಂದನ್ನು ಕೈತಪ್ಪಿ ಬೀಳಿಸಿದ. ಬಿರುಕು ಬಿಟ್ಟಿತು, ಚೂರಾಗಿ ಚೆದುರಲಿಲ್ಲ. ಒಳಗಿದ್ದ ಸೆಲ್ಯುಲೋಸ್ ನೈಟ್ರೇಟ್ ಒಣಗಿ ಗೋಡೆಗೆ ಪೊರೆಯಾಗಿ ಅಂಟಿತ್ತು. 1909ರಲ್ಲಿ ಅವನು ಪೇಟೆಂಟ್ ಪಡೆದ. ಈಗ ಎರಡು ಗಾಜಿನ ನಡುವೆ ಮಿಲಿಮೀಟರಿಗಿಂತ ತೆಳುವಾದ, ಪಿವಿಬಿ ಎಂಬ ಪ್ಲಾಸ್ಟಿಕ್ಕಿನ ಹಾಳೆ ಇರುತ್ತದೆ. ಪಕ್ಕದ ಕಿಟಕಿಯ ಗಾಜು ಒಡೆದರೆ ಕಲ್ಲುಸಕ್ಕರೆಯಂತೆ ಪುಡಿಯಾಗಿ ಸುರಿಯುತ್ತದೆ. ಮುಂದಿನದು ಒಡೆದ ಮೇಲೂ ಕೈಬಿಡುವುದಿಲ್ಲ. ಅಷ್ಟು ದಿನ ಅಮ್ಮನ ಮುಖಕ್ಕೂ ರಸ್ತೆಗೂ ನಡುವೆ ನಿಂತಿದ್ದು ಆ ಹಾಳೆ.

ಇಷ್ಟು ತಿಳಿದಿದ್ದ ನಾನೇ ಅಲ್ಲಿ ಒಂದು ತಪ್ಪು ಮಾಡಹೊರಟಿದ್ದೆ. ಕೌಂಟರಿನ ಮೇಲೆ ಎರಡು ಬಗೆಯ ಗಮ್ಮಿನ ಟ್ಯೂಬುಗಳಿದ್ದವು. ಒಂದು ನಾನೂರು ರೂಪಾಯಿ ಅಗ್ಗ. ಅದನ್ನೇ ಹಾಕಿ ಎಂದೆ. ಹಿರಿಯರು ಕಾರಿನ ಕಡೆ ನೋಡಿದರು.

“ಅಮ್ಮ ಯಾವಾಗಲೂ ಮುಂದೇನೇ ಕೂರ್ತಾರಾ?”

“ಹೌದು.”

“ಇದು ಸಿಲಿಕೋನು ಸಾರ್, ಬಾತ್‌ರೂಮ್ ಕಿಟಕಿಗೆ ಹಾಕೋದು. ಆ ಕಡೆ ಏರ್‌ಬ್ಯಾಗ್ ಬಿಚ್ಚಿದ್ರೆ ಹೋಗಿ ಒರಗೋದು ಗಾಜಿಗೇನೇ. ಗಾಜು ಕಿತ್ತುಕೊಂಡು ಹೋದ್ರೆ ಬ್ಯಾಗ್ ಇದ್ದು ಏನು?”

ಇನ್ನೊಂದು ಟ್ಯೂಬಿನ ಪಾಲಿಯುರೆಥೇನ್ ಹಾಕಿಸಿದೆ. ಕಾರಿನ ಮೈಗೆ ಗಾಜನ್ನು ಹಿಡಿದಿಡಲು ಇರುವುದು ಅದೊಂದೇ. ಕಾರು ಮಗುಚಿದಾಗ ಚಾವಣಿ ಕುಸಿಯದಂತೆ ಆನಿಸುವುದರಲ್ಲಿ ಗಾಜಿಗೂ ಪಾಲಿದೆ.

ಕೆಲಸ ನೋಡುವಂತಿತ್ತು. ವೈಪರು ಬಿಚ್ಚಿದರು, ಕೆಳಗಿನ ಪ್ಲಾಸ್ಟಿಕ್ ಜಾಲರಿ ಬಿಚ್ಚಿದರು. ಹಳೆಯ ಅಂಟಿನೊಳಗೆ ಉಕ್ಕಿನ ತಂತಿ ತೂರಿಸಿ, ಒಬ್ಬ ಒಳಗೆ ಒಬ್ಬ ಹೊರಗೆ ಕೂತು, ಗರಗಸ ಎಳೆದ ಹಾಗೆ ಸುತ್ತಲೂ ಕೊಯ್ದರು. ಹಳೆಯ ಅಂಟನ್ನು ಪೂರ್ತಿ ಕೆರೆಯಲಿಲ್ಲ; ತೆಳ್ಳನೆಯ ಪಟ್ಟಿಯೊಂದನ್ನು ಬಿಟ್ಟರು, ಹೊಸದು ಅದಕ್ಕೆ ಚೆನ್ನಾಗಿ ಹಿಡಿಯುತ್ತದೆಯಂತೆ. ಕಪ್ಪು ಪ್ರೈಮರ್ ಬಳಿದು, ಚಕ್ಕುಲಿ ಒತ್ತಿದಂತೆ ಎಲ್ಲೂ ಕಡಿಯದ ಎಳೆ ಎಳೆದು, ಹೊಸ ಗಾಜನ್ನು ಹೀರುಬಟ್ಟಲು ಹಿಡಿದು ಇಳಿಸಿದರು. ಇಬ್ಬರೂ ಉಸಿರು ಬಿಗಿಹಿಡಿದಿದ್ದರು.

ಗೋಡೆಗೆ ಒರಗಿಸಿದ್ದ ಹಳೆಯ ಗಾಜಿನ ಹತ್ತಿರ ಅಮ್ಮ ಹೋದಳು. ಬೊಟ್ಟುಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿಕೊಂಡಳು. ಗುಜರಿಗೆ ಹೋಗುವುದರ ಮೇಲೆ ಹಣೆಯ ಬೊಟ್ಟು ಇರಬಾರದು ಎಂದಳು.

ಗಮ್ಮು ಹಿಡಿಯಲು ನಾಲ್ಕು ಗಂಟೆ ಬಿಡಬೇಕಿತ್ತು. ಕಲಾಕ್ಷೇತ್ರದವರೆಗೆ ನಡೆದು, ಆವರಣದ ನೆರಳಿನಲ್ಲಿ ಕೂತು ತಂದಿದ್ದ ಚಿತ್ರಾನ್ನ ತಿಂದೆವು. ನಾನು ಇಲ್ಲಿ ನಾಟಕ ನೋಡುತ್ತಿದ್ದ ವರ್ಷಗಳಲ್ಲಿ ಅಮ್ಮ ಒಮ್ಮೆಯೂ ಬಂದಿರಲಿಲ್ಲ. ಕರೆದಿದ್ದೆನೇ ಎಂದು ನೆನೆಸಿಕೊಂಡೆ. ಕರೆದಿರಲಿಲ್ಲ.

ಲೆಕ್ಕಕ್ಕೆ ಸಿಗದ ಖರ್ಚೊಂದು ಉಳಿದಿತ್ತು. ಫಾಸ್ಟ್ಯಾಗ್ ಹಳೆಯ ಗಾಜಿನ ಮೇಲೆಯೇ ಇತ್ತು. ಕೀಳಹೋದರೆ ಹರಿಯುತ್ತದೆ, ಇನ್ನೊಂದು ಗಾಜಿಗೆ ಅಂಟಿಸಲು ಬಾರದಂತೆಯೇ ಅದನ್ನು ಮಾಡಿರುತ್ತಾರೆ. ವಾಪಸು ಬರುವಾಗ ಟೋಲಿನಲ್ಲಿ ನಗದು ಕೊಟ್ಟೆ, ದುಪ್ಪಟ್ಟು. ಗಾಜು ಬದಲಿಸಿಕೊಳ್ಳುವವರು ಹೊಸ ಟ್ಯಾಗನ್ನು ಮೊದಲೇ ತರಿಸಿಟ್ಟುಕೊಂಡರೆ ಅಷ್ಟು ಉಳಿಯುತ್ತದೆ.

ಎರಡು ದಿನ ಬಾಗಿಲು ಜೋರಾಗಿ ಹಾಕಬೇಡಿ, ಒಳಗಿನ ಗಾಳಿಯ ಒತ್ತಡಕ್ಕೆ ಹಸಿ ಅಂಟು ಬಿಡುತ್ತದೆ, ಕಿಟಕಿ ಒಂದಿಂಚು ಇಳಿಸಿರಿ ಎಂದು ಅಂಗಡಿಯವರು ಹೇಳಿದ್ದರು. ಸಂಜೆಯ ಗಾಳಿ ಸುಯ್ಯೆನ್ನುತ್ತಿತ್ತು. ಕುಣಿಗಲ್ಲಿನ ಹತ್ತಿರ ಎದುರು ದೀಪಗಳು ಒಂದೊಂದೂ ಇಡಿಯಾಗಿ ಬಂದು ಹೋದವು. ಅಮ್ಮ ಸೆರಗನ್ನು ಕಿವಿಗೆ ಸುತ್ತಿಕೊಂಡು, ಬಿರುಕಿದ್ದ ಜಾಗವನ್ನು ಒಳಗಿನಿಂದ ಒಮ್ಮೆ ಬೆರಳಿನಿಂದ ಸವರಿ ನೋಡಿದಳು.