ಏರುಮಡಿಯೂ ಅದರ ಮಣ್ಣೂ

ಕಾಯಿಪಲ್ಯದ ಗಿಡಗಳಿಗೆ ನೆಲವನ್ನು ಅಣಿಮಾಡುವುದರಲ್ಲಿ ನಮ್ಮವರು ಎರಡು ಕ್ರಮಗಳನ್ನು ಬಲ್ಲರು. ನೆಲವನ್ನು ತಗ್ಗಿಸಿ ಸುತ್ತಲೂ ಬದು ಕಟ್ಟಿದರೆ ಅದು ಪಾತಿ. ಮಣ್ಣನ್ನು ಏರಿಸಿ ಹರಹಿದರೆ ಅದು ಏರುಮಡಿ. ಸಂಸ್ಕೃತದ ಕೇದಾರ, ಆಲವಾಲ ಎಂಬ ಶಬ್ದಗಳೆರಡೂ ನೀರನ್ನು ಹಿಡಿದು ನಿಲ್ಲಿಸುವ ಪಾತಿಯ ಕುಲಕ್ಕೇ ಸೇರಿದವು. ಮಳೆ ಕಡಮೆಯಾದ ನಮ್ಮ ತುಮಕೂರು ಸೀಮೆಯಲ್ಲಿ ಪಾತಿಗೇ ಮನ್ನಣೆ ಹೆಚ್ಚಾದುದು ಸಹಜ. ಏರುಮಡಿಯನ್ನು ಸಾಮಾನ್ಯವಾಗಿ ಎಳೆಯ ಸಸಿಗಳನ್ನೆಬ್ಬಿಸುವುದಕ್ಕೆ ಮಾತ್ರ ಬಳಸುವುದು ವಾಡಿಕೆ.

ಹಾಗಿದ್ದರೂ ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ, ತುಮಕೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿ ನಾನು ಏರುಮಡಿಯನ್ನೇ ಕಟ್ಟಿಸಿದೆನು. ಅದಕ್ಕೆ ಕಾರಣಗಳೆರಡು. ನಿವೇಶನವನ್ನು ಸಮಮಾಡಿದವರು ಇಟ್ಟಿಗೆಯ ಚೂರು, ಗಾರೆಯ ಹೆಂಟೆಗಳಿಂದ ತಗ್ಗನ್ನು ತುಂಬಿದ್ದರು. ಗೇಣುದ್ದ ಅಗೆದರೆ ಗುದ್ದಲಿ ಠಣ್ಣೆನ್ನುತ್ತಿತ್ತು. ಇದು ಮೊದಲನೆಯದು. ಎರಡನೆಯದೇ ಮುಖ್ಯವಾದುದು. ನನ್ನ ಗೃಹಿಣಿಯು ಗುಬ್ಬಿಯ ಕಡೆಯ ಅಡಕೆತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು. ಆಕೆ ಊರಿದ ಕಡ್ಡಿಯೂ ಚಿಗುರುವುದೆಂದು ಬಂಧುಗಳು ಹೇಳುವುದುಂಟು. ಈಗ ಕೆಲವು ವರ್ಷಗಳಿಂದ ಆಕೆಗೆ ಮಂಡಿನೋವು. ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಕೂಡದೆಂದು ವೈದ್ಯರ ಕಟ್ಟಪ್ಪಣೆಯಾಯಿತು. ಕೈಗೆ ಮಣ್ಣು ತಾಗದಂತಾದ ಆ ದಿನಗಳಲ್ಲಿ ಆಕೆಯ ಮಾತೇ ಕಡಮೆಯಾಗುತ್ತ ಬಂದಿತು. ಆಕೆ ನೆಲಕ್ಕೆ ಬಾಗಲಾರಳಾದರೆ ನೆಲವೇ ಆಕೆಯ ಕೈಯವರೆಗೆ ಏಳಬೇಕಲ್ಲವೆ?

ಮಡಿಯ ಉದ್ದ ೮ ಅಡಿ, ಅಗಲ ೪ ಅಡಿ, ಎತ್ತರ ಎರಡೂವರೆ ಅಡಿ. ಉದ್ದವನ್ನು ಸ್ಥಳವಿದ್ದಂತೆ ಇಟ್ಟುಕೊಳ್ಳಬಹುದು. ಅಗಲ ಮಾತ್ರ ೪ ಅಡಿಯನ್ನು ಮೀರಬಾರದು. ಎರಡು ಕಡೆಗಳಿಂದಲೂ ಕೈ ನಡುವಿನವರೆಗೆ ಎಟುಕಬೇಕು. ಮಡಿಯೊಳಗೆ ಕಾಲಿಟ್ಟು ಮಣ್ಣನ್ನು ತುಳಿಯುವ ಪ್ರಸಂಗವೇ ಬರಬಾರದು. ಸುತ್ತಲೂ ಸೈಜುಗಲ್ಲಿನ ಗೋಡೆಯನ್ನೆಬ್ಬಿಸಿ, ಬುಡದ ಸಾಲಿನಲ್ಲಿ ನೀರು ಬಸಿದುಹೋಗಲು ಸಂದುಗಳನ್ನು ಬಿಡಿಸಿದೆನು. ಹಬ್ಬುವ ಅವರೆ, ಪಡವಲಗಳಿಗೆ ಚಪ್ಪರದ ಕೋಲುಗಳನ್ನು ಉತ್ತರದ ಅಂಚಿನಲ್ಲಿ ನಿಲ್ಲಿಸಿದರೆ, ಚಳಿಗಾಲದಲ್ಲಿ ದಕ್ಷಿಣಕ್ಕೆ ವಾಲಿದ ಬಿಸಿಲು ಇತರ ಗಿಡಗಳಿಗೆ ತಪ್ಪುವುದಿಲ್ಲ.

ಕಟ್ಟುವುದು ಎರಡು ದಿನಗಳ ಕೆಲಸ. ತುಂಬುವುದರಲ್ಲಿಯೇ ಗೃಹಸ್ಥನ ವಿವೇಕವೆಲ್ಲ ಅಡಗಿದೆ. ಎಂಬತ್ತು ಘನ ಅಡಿಯ ತೊಟ್ಟಿಗೆ ಒಂದು ಟ್ರ್ಯಾಕ್ಟರ್ ಕೆಂಪುಮಣ್ಣನ್ನು ತರಿಸಿದರೆ ತೀರಿತೆಂದು ನೆರೆಹೊರೆಯವರು ಹೇಳಿದರು. ಆದರೆ ಆ ಮಣ್ಣು ಆಕಾಶದಿಂದ ಬೀಳುವುದಿಲ್ಲ. ಯಾವುದೋ ಹೊಲದ, ಯಾವುದೋ ಗುಡ್ಡದ ಮೈಯಿಂದ ಸುಲಿದು ಬಂದುದು. ಒಂದಂಗುಲ ಮೇಲ್ಮಣ್ಣು ಹುಟ್ಟುವುದಕ್ಕೆ ಶತಮಾನಗಳು ಬೇಕು. ನಮ್ಮ ನಾಲ್ಕು ಬದನೆಯ ಗಿಡಗಳಿಗಾಗಿ ಇನ್ನೊಬ್ಬರ ನೆಲವನ್ನು ಬರಿದುಮಾಡುವುದು ಗೃಹಿಣಿಗೂ ಒಪ್ಪಿಗೆಯಾಗಲಿಲ್ಲ.

ಆದುದರಿಂದ ಇತರರು ಎಸೆಯುವ ವಸ್ತುಗಳಿಂದಲೇ ಹೊಟ್ಟೆಯನ್ನು ತುಂಬಿದೆವು. ತಳದಲ್ಲಿ ತೆಂಗಿನ ಮಟ್ಟೆಗಳನ್ನು ನಾರಿನ ಮಗ್ಗುಲು ಮೇಲಾಗಿ ಜೋಡಿಸಿದೆವು. ಅವು ನೀರನ್ನು ಹೀರಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತವೆ. ಅವುಗಳ ಮೇಲೆ ಗುಬ್ಬಿಯಿಂದ ಬಂದ ಅಡಕೆಯ ಹಾಳೆಯ ತುಂಡುಗಳು ಮತ್ತು ತರಗೆಲೆ. ಪದರಪದರಕ್ಕೂ ಸಗಣಿಯ ಬಗ್ಗಡ. ಒಣಕಸವು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಸೆಳೆದುಕೊಳ್ಳುವುದರಿಂದ ಈ ಬಗ್ಗಡವು ಅತ್ಯವಶ್ಯಕ. ಮೇಲಿನ ಒಂದಡಿಗೆ, ಹಿತ್ತಿಲಿನ ಮಣ್ಣನ್ನೇ ಜರಡಿಯಾಡಿ, ಅದರ ಸಮಪಾಲು ಕಳಿತ ಗೊಬ್ಬರವನ್ನೂ ಕೆರೆಗೋಡನ್ನೂ ಬೆರಸಿದೆವು. ತೆಂಗಿನ ನಾರಿನ ಪುಡಿಯನ್ನು ಸೇರಿಸುವವರು ಉಪ್ಪಿನಂಶ ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆಯತಕ್ಕದ್ದು.

ಕೆರೆಗೋಡು ಬಂದುದು ಜನಪದರು ಹಾಡಿ ಹೊಗಳಿದ ಕುಣಿಗಲಿನ ಸೀಮೆಯಿಂದ. ಬೇಸಗೆಯಲ್ಲಿ ಹೂಳೆತ್ತಿದ ಹಳ್ಳಿಗೆರೆಯೊಂದರ ಗೋಡನ್ನು ಬಂಧುಗಳೊಬ್ಬರು ತಮ್ಮ ಹೊಲಕ್ಕೆ ಹೊಡೆಸುತ್ತಿದ್ದಾಗ ನಮಗೂ ಕೆಲವು ಚೀಲಗಳನ್ನು ಕಳುಹಿದರು. ಮಳೆಯು ಹೊಲದಿಂದ ಕೊಚ್ಚಿಕೊಂಡು ಹೋದುದು ಹೀಗೆ ಹೊಲಕ್ಕೇ ಮರಳುವುದು. ಕೆರೆಗೂ ಒಡಲು ದೊರೆಯುವುದು. ಪಟ್ಟಣದ ಚರಂಡಿ ಸೇರುವ ಕೆರೆಗಳ ಹೂಳನ್ನು ಮಾತ್ರ ಅಡುಗೆಯ ಗಿಡಗಳಿಗೆ ಎಂದಿಗೂ ಬಳಸಬಾರದು, ಅದರಲ್ಲಿ ವಿಷಲೋಹಗಳಿರಬಹುದು.

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ, ಮೃದುವಾದ ನೆಲವೇ ಗಿಡಗಳಿಗೆ ಹಿತವೆಂದೂ, ಮೊದಲು ಎಳ್ಳನ್ನು ಬಿತ್ತಿ ಹೂಬಿಟ್ಟಾಗ ಅಲ್ಲಿಯೇ ಮರ್ದಿಸಬೇಕೆಂದೂ ವಿಧಿಸಿರುವನು. ಇಂದಿನವರು ಹಸಿರೆಲೆಗೊಬ್ಬರವೆನ್ನುವುದು ಇದನ್ನೇ. ನಾವೂ ಒಂದು ಹಿಡಿ ಎಳ್ಳನ್ನೆರಚಿ ಹಾಗೆಯೇ ಮಾಡಿದೆವು. ಅಲ್ಲಿಯವರೆಗೆ ಕಾಯುವುದು ಕಷ್ಟವಾಗಿತ್ತು. ಆದರೆ ಆ ಅವಧಿಯಲ್ಲಿ ಒಳಗಿನ ಕಸ ಕೊಳೆತು ಮಡಿಯು ಗೇಣಿನಷ್ಟು ಕುಸಿಯಿತು. ಕುಸಿತವನ್ನು ಕಂಡು ಗಾಬರಿಯಾಗಬೇಕಾದುದಿಲ್ಲ. ಪ್ರತಿ ಬೆಳೆಯ ಅನಂತರವೂ ಗೊಬ್ಬರವನ್ನು ಮೇಲೆ ಸುರಿಯುತ್ತಿರಬೇಕು.

ಏರುಮಡಿಗೆ ಒಂದು ದೋಷವುಂಟು: ಬೇಗ ಒಣಗುವುದು. ಅದಕ್ಕಾಗಿ ಮೇಲ್ಮೈಯ ನಡುವನ್ನು ಎರಡಂಗುಲ ತಗ್ಗಿಸಿ, ತರಗೆಲೆಯ ಹೊದಿಕೆಯನ್ನಿಟ್ಟಿದ್ದೇವೆ. ಹೊರಗಿನಿಂದ ನೋಡಿದರೆ ಏರುಮಡಿ, ಮೇಲಿನಿಂದ ನೋಡಿದರೆ ಪಾತಿ! ದೂರದ ಹೇಮಾವತಿಯಿಂದ ಬುಗುಡನಹಳ್ಳಿಯ ಕೆರೆಗೆ ಬಂದು ನಗರಕ್ಕೆ ಹರಿಯುವ ನೀರನ್ನು ಗಿಡಕ್ಕೆ ಸುರಿಯಲು ಮನಸ್ಸಾಗದು. ಅಕ್ಕಿ ಕಾಯಿಪಲ್ಯಗಳನ್ನು ತೊಳೆದ ನೀರೇ ಬಹುಪಾಲು ಸಾಕಾಗುತ್ತದೆ.

ಮೊದಲ ಫಸಲು ದಂಟಿನ ಸೊಪ್ಪು, ಮೆಂತ್ಯ, ಮೂಲಂಗಿ, ಆಮೇಲೆ ಬದನೆ. ಲೆಕ್ಕ ಹಾಕಿದರೆ ಪೇಟೆಯ ಸೊಪ್ಪೇ ಅಗ್ಗವಾಗಬಹುದು. ಆದರೆ ಈಗ ಬೆಳಗಿನ ಹೊತ್ತು ಗೃಹಿಣಿಯು ನಿಂತುಕೊಂಡೇ ಕಳೆ ಕೀಳುತ್ತಾಳೆ. ಯಾವ ಎಲೆಗೆ ಹುಳು ಹತ್ತಿತು, ಯಾವ ಹೂವು ಕಾಯಿಕಟ್ಟಿತು ಎಂದು ಅಡುಗೆಮನೆಯವರೆಗೂ ಹೇಳುತ್ತ ಬರುತ್ತಾಳೆ. ಮನೆಯಲ್ಲಿ ಮಂಡಿ ಸೋತ ಹಿರಿಯರಿರುವ ವಾಚಕರು ಒಂದು ಸಣ್ಣ ಮಡಿಯನ್ನಾದರೂ ಕಟ್ಟಿ ನೋಡಬೇಕೆಂದು ನನ್ನ ವಿಜ್ಞಾಪನೆ. ಎತ್ತರವನ್ನು ಮಾತ್ರ ಮೇಸ್ತ್ರಿಯ ಅಳತೆಯಿಂದಲ್ಲ, ಆ ಹಿರಿಯರನ್ನೇ ನಿಲ್ಲಿಸಿ ಅವರ ಕೈಯ ಅಳತೆಯಿಂದ ನಿಶ್ಚಯಿಸಿರಿ.