ಯಾವ ರಿಂಗ್ ಅಂತ ಕೇಳೋ ಮೊದಲು

ಮುಂಜಿ ಅಂದರೆ ನಮ್ಮ ಊರಲ್ಲಿ ಎರಡು ಅರ್ಥ. ಧಾರವಾಡದ ಬ್ರಾಹ್ಮಣ ಗೆಳೆಯನ ಮನೆಯಲ್ಲಿ ಅದು ಜನಿವಾರ ಹಾಕುವ ಕಾರ್ಯ. ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಸುನ್ನತಿ. ನಾವು ನದಾಫರು, ಮನೆಮಾತು ಕನ್ನಡವೇ. ಹೊಸ ಬಟ್ಟೆ, ಊಟ, ನೆಂಟರು ಎರಡೂ ಕಡೆ ಒಂದೇ. ಆದರೆ ನಮ್ಮಲ್ಲಿ ನಡೆಯೋದು ಒಂದು ಆಪರೇಷನ್. ಅದನ್ನು ಹಾಗಂತ ಯಾರೂ ಕರೆಯೋದಿಲ್ಲ, ಅಷ್ಟೇ.

ಮಗನಿಗೆ ವರ್ಷ ತುಂಬಿದಾಗ ಮನೆಯಲ್ಲಿ ಎರಡು ಪಕ್ಷ ಆಯ್ತು. ಅವ್ವನಿಗೆ ನನಗೂ ಅಣ್ಣನಿಗೂ ಮಾಡಿದ ಹಳೇ ಕೈಯೇ ಬೇಕು. "ನಿನಗೇನಾಗೈತಿ? ಚಲೋನ ಅದಿಯಲ್ಲ" ಅಂದಳು. ಭಾವ ಮಾತ್ರ ದಿನಕ್ಕೊಂದು ಜಾಹೀರಾತು ಕಳಿಸ್ತಿದ್ದರು: ಸ್ಟೇಪ್ಲರ್, ಲೇಸರ್, ಹೊಲಿಗೆಯೇ ಇಲ್ಲ! ಹೆಂಡತಿ ಹೇಳಿದ್ದು ಒಂದೇ ಮಾತು: "ಮೊದಲು ಡಾಕ್ಟರಿಗೆ ತೋರ್ಸೋಣ್ರಿ."

ಮಕ್ಕಳ ಸರ್ಜನ್ ಯಾವ ಸಾಧನದ ಹೆಸರನ್ನೂ ಎತ್ತಲಿಲ್ಲ. ಕೂಸನ್ನು ಬೆಳಕಿಗೆ ಹಿಡಿದು ನೋಡಿ, "ಇವನ ಮುಂಜಿ ಈಗ ಬ್ಯಾಡ್ರಿ" ಅಂದರು. ಮೂತ್ರದ ರಂಧ್ರ ತುದಿಯಲ್ಲಿರಲಿಲ್ಲ, ಸ್ವಲ್ಪ ಕೆಳಗಿತ್ತು. ಇದಕ್ಕೆ ಹೈಪೋಸ್ಪೇಡಿಯಾಸ್ ಅಂತಾರೆ. ಸುಮಾರು 200ರಿಂದ 300 ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುತ್ತೆ. ಇಂಥ ಮಕ್ಕಳಲ್ಲಿ ಸಾಮಾನ್ಯವಾಗಿ ಮುಂದೊಗಲು ಪೂರ್ತಿ ಮುಚ್ಚಿರೋದಿಲ್ಲ. ಅದನ್ನೇ ನೋಡಿ ಅವ್ವ, "ದೇವರು ಅರ್ಧಾ ಮುಂಜಿ ಮಾಡೇ ಕಳಿಸ್ಯಾನ" ಅಂತ ಹಿಗ್ಗಿದ್ದಳು. ಡಾಕ್ಟರ್ ಅವಳ ಕಡೆ ತಿರುಗಿ, "ಅಮ್ಮಾರ, ಆ ಚರ್ಮ ನಮಗ ಬೇಕ್ರಿ. ಹೊಸಾ ದಾರಿ ಹೊಲಿಯಾಕ ಅದೇ ಅರಿವಿ" ಅಂದರು. ಗಾದಿ ಹೊಲಿದೇ ನಮ್ಮನ್ನು ಸಾಕಿದವಳು ಅವ್ವ. ಅರಿವಿ ಮೊದಲೇ ಕತ್ತರಿಸಿ ಎಸೆದರೆ ಏನಾಗುತ್ತೆ ಅಂತ ಅವಳಿಗೆ ಮತ್ತೆ ಬಿಡಿಸಿ ಹೇಳಬೇಕಾಗಲಿಲ್ಲ.

ಆಮೇಲೆ ಅಕ್ಕನ ಮಗನ ಸರದಿ. ಅವನಿಗೆ ಏನೂ ತೊಂದರೆ ಇರಲಿಲ್ಲ. ಆದರೂ ಡಾಕ್ಟರ್ ಮೊದಲು ಕೇಳಿದ್ದು, ಮನೆತನದಲ್ಲಿ ಯಾರಿಗಾದರೂ ರಕ್ತ ಬೇಗ ನಿಲ್ಲದ ತೊಂದರೆ ಇದೆಯಾ ಅಂತ. ಹಿಮೋಫಿಲಿಯಾ ಇದ್ದರೆ ಇಂಥ ಆಪರೇಷನ್ ಪ್ರಾಣಕ್ಕೆ ಕುತ್ತಾಗಬಹುದು.

ಸಾಧನದ ಮಾತು ಬಂದದ್ದು ಅದಾದ ಮೇಲೆ. ಪ್ಲಾಸ್ಟಿಬೆಲ್ ಅಂದರೆ ಪ್ಲಾಸ್ಟಿಕ್ ರಿಂಗ್. ಚರ್ಮದ ಒಳಗಿಟ್ಟು ಮೇಲೆ ದಾರ ಬಿಗಿದರೆ ಸುಮಾರು ಒಂದು ವಾರದಲ್ಲಿ ತಾನೇ ಉದುರುತ್ತೆ. ಅಳತೆ ತಪ್ಪಿದರೆ ಹಿಂದಕ್ಕೆ ಜಾರಿ ಬಾವು ಬರುತ್ತೆ. 1930ರ ದಶಕದಿಂದ ಬಳಕೆಯಲ್ಲಿರೋ ಗೋಮ್ಕೊ ಲೋಹದ ಕ್ಲ್ಯಾಂಪ್. ಒಂದರ ಬಿಡಿಭಾಗ ಇನ್ನೊಂದಕ್ಕೆ ಜೋಡಿಸಿದರೆ ಗಾಯವಾಗುತ್ತೆ ಅಂತ ಅಮೆರಿಕದ ಎಫ್‌ಡಿಎ 2000ದಲ್ಲೇ ಎಚ್ಚರಿಸಿದೆ. ಲೋಹದ ಕ್ಲ್ಯಾಂಪ್ ಹಾಕಿ ಕರೆಂಟಿನಿಂದ ಸುಡೋದಂತೂ ಇನ್ನೂ ಅಪಾಯ. ಚೀನಾದ ಶಾಂಗ್ ರಿಂಗನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಪ್ಪಿತು. ಎಚ್‌ಐವಿ ಹೆಚ್ಚಿದ್ದ ಆಫ್ರಿಕಾದ ದೇಶಗಳಲ್ಲಿ ಅದನ್ನು ಬಳಸಿದರು. ಸ್ಟೇಪ್ಲರ್ ಕತ್ತರಿಸುತ್ತಲೇ ಪಿನ್ ಹಾಕುತ್ತೆ. ಅದಕ್ಕೂ ಸರಿಯಾದ ಅಳತೆ ಬೇಕೇ ಬೇಕು. ಒಟ್ಟಿನಲ್ಲಿ ಯಂತ್ರ ಯಾವುದೇ ಇರಲಿ, ಕೈ ಪಳಗಿರಬೇಕು, ಸಾಮಾನು ಶುದ್ಧ ಇರಬೇಕು, ನೋವಿಗೆ ಇಂಜೆಕ್ಷನ್ ಕೊಡಲೇಬೇಕು.

ಅಕ್ಕನ ಮಗನ ರಿಂಗ್ ಎಂಟನೇ ದಿನ ತಾನೇ ಬಿತ್ತು. ಅಲ್ಲಿಯವರೆಗೆ ಅದನ್ನು ಎಳೀಬಾರದು. ಮೂತ್ರ ಕಟ್ಟಿದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ತುದಿ ಕಪ್ಪಾದರೆ, ರಿಂಗ್ ಜಾರಿದರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು.

ನನ್ನ ಮಗನಿಗೆ ಆರು ತಿಂಗಳ ನಂತರ ಆಪರೇಷನ್ ಆಯ್ತು. ದಾರಿಯೂ ಸರಿಹೋಯ್ತು, ಮುಂಜಿಯೂ ಅದರಲ್ಲೇ ಮುಗೀತು. ನಿಮ್ಮ ಮನೆಯಲ್ಲೂ ಮುಂಜಿಯ ಮಾತು ನಡೆದಿದ್ದರೆ ಶಾಮಿಯಾನ ಬುಕ್ ಮಾಡೋ ಮುಂಚೆ ಒಮ್ಮೆ ಕೂಸನ್ನು ತೋರಿಸಿ. ಈಗ ಓಣಿಯಲ್ಲಿ ಯಾರ ಮನೆಯಲ್ಲಿ ಗಂಡುಕೂಸು ಹುಟ್ಟಿದರೂ ಅವ್ವನೇ ಹೋಗಿ ಹೇಳ್ತಾಳೆ: "ಮುಂಜಿ ಆಮ್ಯಾಲೆ ಮಾಡ್ರೆವಾ, ಮೊದಲ ತೋರ್ಸ್ರಿ."