ಓಣಿಯಿಲ್ಲದ ಊರು

ನಮ್ಮ ಕಡೆ ಸಾಲ ಕೊಟ್ಟವರು ಎದುರಿಗೆ ಬಂದರೆ ಪಕ್ಕದ ಓಣಿಗೆ ಹೊರಳಿಕೊಳ್ಳಬಹುದು. ಮುನಿಸಿಕೊಂಡ ನೆಂಟರು ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತಿದರೆ ನಾವು ಹಿಂದಿನ ಬಾಗಿಲಲ್ಲಿ ಇಳಿದುಬಿಡಬಹುದು. ಊರು ಅನ್ನಿಸಿಕೊಳ್ಳಲು ಗುಡಿ, ಸಂತೆ, ಹೋಟೆಲುಗಳಷ್ಟೇ ಇಂಥ ಅಡ್ಡದಾರಿಗಳೂ ಬೇಕು ಎಂದು ನನಗೆ ಗೊತ್ತಾದದ್ದು ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ನೆಲೆ ಮೈತ್ರಿಯಲ್ಲಿ ಒಂದು ಚಳಿಗಾಲ ಕಳೆದಾಗ. ಅಲ್ಲಿ ಮನೆಯಿದೆ, ಜನರಿದ್ದಾರೆ, ಕುಡಿಯುವ ನೀರಿಗೆ ಕೆರೆಯೂ ಇದೆ. ತಪ್ಪಿಸಿಕೊಳ್ಳಲು ಓಣಿ ಮಾತ್ರ ಇಲ್ಲ.

ಮೈತ್ರಿ ಇರುವುದು ಶಿರ್ಮಾಕರ್ ಓಯಸಿಸ್ ಎಂಬ ಕಲ್ಲುಗುಡ್ಡಗಳ ಸಾಲಿನಲ್ಲಿ. ಖರ್ಜೂರದ ಮರ ಹುಡುಕಬೇಡಿ; ಬಂಡೆಗಂಟಿದ ಪಾಚಿ, ಕಲ್ಲುಹೂವು ಬಿಟ್ಟರೆ ಹಸಿರೆಂಬುದಿಲ್ಲ. ಉತ್ತರಕ್ಕೆ ಹೋದರೆ ದಿನವಿಡೀ ಹಿಮಹಾಸು, ಅದು ಮುಗಿದಲ್ಲಿ ಸಮುದ್ರ. ದಕ್ಷಿಣಕ್ಕೆ ಧ್ರುವದವರೆಗೂ ಮಂಜುಗಡ್ಡೆ. 1983-84ರಲ್ಲಿ ನಮ್ಮವರು ಕಟ್ಟಿದ ಮೊದಲ ನೆಲೆ ದಕ್ಷಿಣ ಗಂಗೋತ್ರಿ ಆ ಹಿಮಹಾಸಿನ ಮೇಲೆಯೇ ಇತ್ತು. ವರ್ಷವರ್ಷ ಬಿದ್ದ ಹಿಮದಡಿ ಅದು ಹೂತುಹೋಗತೊಡಗಿದಾಗ, 1989ರ ಹೊತ್ತಿಗೆ ಗಟ್ಟಿ ಬಂಡೆ ನೋಡಿ, ಉಕ್ಕಿನ ಕಾಲುಗಳ ಮೇಲೆ ಎತ್ತಿ ಮೈತ್ರಿಯನ್ನು ನಿಲ್ಲಿಸಿದರು. ಮೂರೂವರೆ ದಶಕ ಕಳೆದರೂ ಮುದುಕಿ ಇನ್ನೂ ನಿಂತಿದ್ದಾಳೆ. ಗಾಳಿ ಬೀಸಿದಾಗ ಮಾತ್ರ ಮೈಯೆಲ್ಲ ಲಟಲಟ ಅನ್ನುತ್ತದೆ.

ಬೇಸಿಗೆಯಲ್ಲಿ, ಅಂದರೆ ನವೆಂಬರಿನಿಂದ ಫೆಬ್ರುವರಿಯವರೆಗೆ, ಅಲ್ಲಿ ಗಿಜಿಗಿಜಿ. ವಿಜ್ಞಾನಿಗಳು ಬರುತ್ತಾರೆ, ಅಳೆಯುತ್ತಾರೆ, ಧ್ವಜದ ಪಕ್ಕ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಮಾರ್ಚಿನಲ್ಲಿ ಹಡಗು ಹೊರಟ ಮೇಲೆ ಉಳಿಯುವವರು ಇಪ್ಪತ್ತೈದು ಜನರ ಆಸುಪಾಸು. ಮುಂದಿನ ವಿಮಾನ ನವೆಂಬರಿಗೆ. ನಡುವೆ ಯಾರೂ ಬರುವಂತಿಲ್ಲ, ಹೋಗುವಂತಿಲ್ಲ. ಕಳಿಸುವ ಮೊದಲು ದೆಹಲಿಯಲ್ಲಿ ದೇಹ, ಮನಸ್ಸು ಎರಡರ ತಪಾಸಣೆಯೂ ಆಗುತ್ತದೆ. ಹಿಮಾಲಯದ ಔಲಿಯಲ್ಲಿ ಹಿಮದ ಮೇಲೆ ನಡೆಯುವುದನ್ನು, ಬಿರುಕಿಗೆ ಬಿದ್ದವರನ್ನು ಹಗ್ಗ ಹಾಕಿ ಎಳೆಯುವುದನ್ನು ಕಲಿಸುತ್ತಾರೆ. ಪಕ್ಕದ ಕೋಣೆಯವನ ಗೊರಕೆ ಸಹಿಸುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ.

ಯಾರ ಡಿಗ್ರಿ ಎಷ್ಟು ತೂಗುತ್ತದೆಂಬುದು ಅಲ್ಲಿ ಬೇಗ ತಿಳಿದುಬಿಡುತ್ತದೆ. ಓಝೋನ್ ಅಳೆಯುವ ನಾನು ಹದಿನೈದು ದಿನ ಮಲಗಿದರೂ ಯಾರಿಗೂ ಏನೂ ಆಗುವುದಿಲ್ಲ. ಜನರೇಟರ್ ಅರ್ಧ ಗಂಟೆ ಮಲಗಿದರೆ ಇಡೀ ಊರು ಎದ್ದು ಕೂರುತ್ತದೆ. ಹಾಗಾಗಿ ಮೈತ್ರಿಯ ನಿಜವಾದ ದೊರೆ ನಮ್ಮ ಮೆಕ್ಯಾನಿಕ್. ಸೇನೆಯಿಂದ ಬಂದವರು, ಬಾಗಲಕೋಟೆ ಕಡೆಯವರು. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದುದು. ಇಡೀ ತಂಡದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನಾನು ಮೈಸೂರಿನವನು, ಅವರ ಅರ್ಧ ಮಾತು ನನಗೆ ಹಿಂದಿಯಲ್ಲೇ ಬೇಗ ತಿಳಿಯುತ್ತಿತ್ತು.

ನೀರು ಬರುವುದು ಪಕ್ಕದ ಪ್ರಿಯದರ್ಶಿನಿ ಸರೋವರದಿಂದ. ಚಳಿಗಾಲದಲ್ಲಿ ಮೇಲೆ ಆಳೆತ್ತರಕ್ಕೆ ಹೆಪ್ಪುಗಟ್ಟಿದರೂ ಅಡಿಯಲ್ಲಿ ನೀರು ನೀರಾಗಿಯೇ ಇರುತ್ತದೆ. ಪಂಪು ಅದನ್ನು ಎತ್ತಿ ಕಳಿಸುತ್ತದೆ, ದಾರಿಯಲ್ಲಿ ಪೈಪು ಹೆಪ್ಪುಗಟ್ಟಿ ಕೂರುತ್ತದೆ. ಆಗ ಉಸ್ತಾದ್ ಗಡ್ಡದ ತುಂಬ ಹಿಮ ಹೊತ್ತು, ಬಿಸಿಗಾಳಿಯ ಯಂತ್ರ ಹಿಡಿದು ಪೈಪಿನುದ್ದಕ್ಕೂ ಮೊಣಕಾಲೂರಿ ಹೋಗಬೇಕು. ಒಂದು ರಾತ್ರಿ ಹಾಗೆ ಹೋದವರು ಎರಡು ತಾಸು ಕಳೆದು ಬಂದು ನನ್ನ ಬಾಗಿಲು ತಟ್ಟಿದರು.

“ಸರ, ಪೈಪ್ ಬಿಟ್ಟೈತ್ರಿ. ಮತ್ತ ಹೆಪ್ಪುಗಟ್ಟೂದ್ರಾಗ ಜಳಕಾ ಮುಗಿಸಿಬಿಡ್ರಿ.”

“ಈಗ ರಾತ್ರಿ ಎರಡು ಗಂಟೆ ಕಣ್ರೀ ಉಸ್ತಾದ್!”

“ಇಲ್ಲಿ ಹಗಲ ಯಾವಾಗ ಐತ್ರಿ, ಸರ?”

ಮಾತು ಸರಿಯೇ. ಮೇ ಕೊನೆಯಲ್ಲಿ ಮುಳುಗಿದ ಸೂರ್ಯ ಅಲ್ಲಿ ಜುಲೈ ಕೊನೆಯವರೆಗೆ ಮುಖ ತೋರಿಸುವುದಿಲ್ಲ. ಎದ್ದು ಸ್ನಾನ ಮಾಡಿದೆ.

ನನ್ನ ಕೆಲಸಕ್ಕೂ ಉಸ್ತಾದ್ ಬೇಕು. ಓಝೋನ್ ಅಳೆಯುವ ಉಪಕರಣದ ಡಬ್ಬಿಯನ್ನು ದೊಡ್ಡ ಬಲೂನಿಗೆ ಕಟ್ಟಿ ಬಿಡಬೇಕು. ಅದು ಮೂವತ್ತು ಕಿಲೋಮೀಟರ್ ಎತ್ತರದವರೆಗೂ ಏರಿ ಅಲ್ಲಿಯ ಸುದ್ದಿ ಕಳಿಸುತ್ತದೆ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಓಝೋನ್ ಪದರ ತೆಳುವಾಗುತ್ತಿರುವುದನ್ನು ಕಂಡುಹಿಡಿದದ್ದು ಇದೇ ಖಂಡದ ಹ್ಯಾಲಿ ನೆಲೆಯಲ್ಲಿ. ಓದಲು ಘನವಾದ ಕೆಲಸ. ಮಾಡುವಾಗ ನೋಡಬೇಕು. ಒಬ್ಬ ಬಲೂನಿನ ಕುತ್ತಿಗೆ ಹಿಡಿದು ಗಾಳಿ ಎಳೆದತ್ತ ಓಡುತ್ತಾನೆ, ಡಬ್ಬಿ ಹಿಡಿದವನು ಅವನ ಹಿಂದೆ. ಕೈಗವಸು ತೆಗೆಯದಿದ್ದರೆ ಗಂಟು ಹಾಕಲಾಗದು, ತೆಗೆದರೆ ಬೆರಳು ತನ್ನದೆನ್ನಿಸದು. “ಇಷ್ಟ ದೊಡ್ಡ ಫುಗ್ಗಾ ನಮ್ಮೂರ ಜಾತ್ರ್ಯಾಗೂ ನೋಡಿಲ್ರಿ” ಎನ್ನುತ್ತ ಉಸ್ತಾದ್ ಅದರ ಹಿಂದೆ ಓಡುವುದನ್ನು ನೋಡಲೆಂದೇ ಅಡುಗೆಮನೆಯವರು ಕಿಟಕಿಗೆ ಮುಖ ಒತ್ತಿ ನಿಲ್ಲುತ್ತಿದ್ದರು.

ಡಾಕ್ಟರ್ ಸಾಹೇಬರದು ಇನ್ನೊಂದು ಬಗೆ. ಅವರಿಗೆ ಕೆಲಸವಿಲ್ಲದಿದ್ದರೆ ಊರಿಗೆ ಕ್ಷೇಮ, ಆದರೆ ಅವರಿಗೆ ಬೇಜಾರು. ಹೊತ್ತು ಹೋಗದೆ ಊಟದ ಕೋಣೆಗೆ ಬಂದು ಯಾರು ಹೊಟ್ಟೆ ಹಿಡಿದುಕೊಂಡಾರೆಂದು ನೋಡುತ್ತ ಕೂರುತ್ತಿದ್ದರು. ಯಾರಾದರೂ ತೇಗಿದರೂ ಸಾಕು, ರೊಗೊಜೊವ್ ಕಥೆ ಶುರು. ನಮಗೆ ಕೆಲವೇ ಕಿಲೋಮೀಟರ್ ದೂರದ ರಷ್ಯನ್ ನೆಲೆ ನೊವೊಲಾಝರೆವ್‌ಸ್ಕಾಯಾದಲ್ಲಿ 1961ರ ಏಪ್ರಿಲ್ 30ರಂದು ನಡೆದದ್ದು. ಅಲ್ಲಿದ್ದ ಒಬ್ಬನೇ ವೈದ್ಯ, ಇಪ್ಪತ್ತೇಳರ ಲಿಯೊನಿಡ್ ರೊಗೊಜೊವ್, ತನಗೇ ಅಪೆಂಡಿಕ್ಸ್ ಉರಿಯುತ್ತಿದೆಯೆಂದು ತಿಳಿದು ತನ್ನ ಹೊಟ್ಟೆಯನ್ನು ತಾನೇ ಕೊಯ್ದು ತೆಗೆದ. ಕನ್ನಡಿಯಲ್ಲಿ ಎಲ್ಲ ತಿರುಗುಮುರುಗಾಗಿ ಕಂಡದ್ದರಿಂದ ಬಹಳ ಮಟ್ಟಿಗೆ ಬೆರಳಿನಿಂದ ತಡಕಿಯೇ ಮಾಡಿದ. ಎರಡು ವಾರದಲ್ಲಿ ಕೆಲಸಕ್ಕೂ ಮರಳಿದ. ಇಷ್ಟು ಹೇಳಿ ಡಾಕ್ಟರ್ ಸಾಹೇಬರು ನನ್ನನ್ನೂ ಉಸ್ತಾದ್‌ರನ್ನೂ ಬೆರಳು ಮಾಡಿ ತೋರಿಸುತ್ತಿದ್ದರು: “ಉಪಕರಣ ಎತ್ತಿಕೊಟ್ಟವನು ಹವಾಮಾನದವನು, ಕನ್ನಡಿ ಹಿಡಿದವನು ಮೆಕ್ಯಾನಿಕ್. ನೀವಿಬ್ಬರೂ ರೆಡಿ ಇರಿ.” ಅಂದಿನಿಂದ ನಾವಿಬ್ಬರೂ ಅವರ ಹೊಟ್ಟೆಯ ಆರೋಗ್ಯಕ್ಕೆ ದಿನಾ ಪ್ರಾರ್ಥಿಸುತ್ತಿದ್ದೆವು.

ಆ ರಷ್ಯನ್ನರು ಒಳ್ಳೆಯ ನೆರೆಯವರು. ನಮ್ಮವರನ್ನು ಅವರ ಬಾನ್ಯಾಕ್ಕೆ, ಅಂದರೆ ಹಬೆಸ್ನಾನಕ್ಕೆ, ಕರೆಯುತ್ತಿದ್ದರು. ಅವರು ಬಂದರೆ ನಮ್ಮ ಮಹಾರಾಜ್ ಸಮೋಸ ಕರಿಯಬೇಕು. ಮಹಾರಾಜ್ ಅಡುಗೆಯವನು, ಗಢವಾಲದವನು. ಊರಲ್ಲಿ ಉಸ್ತಾದ್ ಬಿಟ್ಟರೆ ಎರಡನೆಯ ಪ್ರಭು. ಟೊಮೇಟೊ, ಸೊಪ್ಪು ಎಲ್ಲ ಚಳಿಗಾಲದ ಬಾಗಿಲಲ್ಲೇ ಮುಗಿಯುತ್ತವೆ. ಆಮೇಲೆ ಆಲೂಗಡ್ಡೆ, ಈರುಳ್ಳಿ, ಡಬ್ಬಿಯಲ್ಲಿದ್ದದ್ದು, ಫ್ರೀಜರಿನಲ್ಲಿದ್ದದ್ದು. ನಾನು ಬ್ಯಾಗಿನ ಮೂಲೆಯಲ್ಲಿ ತಂದಿದ್ದ ಒಣ ಕರಿಬೇವನ್ನು ಅವನು ಕೇಸರಿಯ ಹಾಗೆ ಎಣಿಸಿ ಹಾಕುತ್ತಿದ್ದ. ಅವನ ಕೈಕೆಳಗೆ ಎಲ್ಲರೂ ಸರದಿಯಂತೆ ಗ್ಯಾಲಿ ಡ್ಯೂಟಿ ಮಾಡಬೇಕು: ಪಾತ್ರೆ ತೊಳೆ, ಹಿಟ್ಟು ಕಲಸು, ಕಸ ಬೇರೆಮಾಡು. ಅಂಟಾರ್ಕ್ಟಿಕ ಒಪ್ಪಂದದ ಪ್ರಕಾರ ಕಸವನ್ನು ಅಲ್ಲಿ ಎಸೆಯುವಂತಿಲ್ಲ, ಕಟ್ಟಿ ಹಡಗಿನಲ್ಲಿ ವಾಪಸು ತರಬೇಕು. ಪಿಎಚ್.ಡಿ. ಮಾಡಿದವರು ಪ್ಲಾಸ್ಟಿಕ್ ಯಾವುದು, ಕಾಗದ ಯಾವುದು ಎಂದು ಮಹಾರಾಜ್‌ನಿಂದ ಪಾಠ ಹೇಳಿಸಿಕೊಳ್ಳುತ್ತಿದ್ದರು.

ಜೂನ್ 21 ಅಲ್ಲಿಯ ದೊಡ್ಡ ಹಬ್ಬ. ಕತ್ತಲೆಯ ನಡುಮನೆಗೆ ಬಂದೆವು, ಇನ್ನು ಬೆಳಕಿನತ್ತ ಎಂಬ ಸಂತೋಷಕ್ಕೆ ಎಲ್ಲ ದೇಶಗಳ ನೆಲೆಗಳೂ ಒಂದಕ್ಕೊಂದು ಶುಭಾಶಯ ಕಳಿಸುತ್ತವೆ. ಆದರೆ ನಿಜವಾದ ಕಷ್ಟ ಶುರುವಾಗುವುದು ಹಬ್ಬದ ಮಾರನೆಯ ದಿನದಿಂದ. ಹೇಳಿಕೊಳ್ಳುವ ಕಥೆಗಳು ಮುಗಿದಿರುತ್ತವೆ. ಕೇರಂನಲ್ಲಿ ಯಾರು ಎಲ್ಲಿ ಹೊಡೆಯುತ್ತಾರೆಂದು ಎಲ್ಲರಿಗೂ ಗೊತ್ತು. ನಿದ್ದೆ ಹೊತ್ತಲ್ಲದ ಹೊತ್ತಿಗೆ ಬರುತ್ತದೆ, ಹೊತ್ತಿಗೆ ಸರಿಯಾಗಿ ಹೋಗುತ್ತದೆ.

ನಮ್ಮಲ್ಲಿ ಕೋಲ್ಕತ್ತದ ಭೂವಿಜ್ಞಾನಿಯೊಬ್ಬರಿದ್ದರು. ಹೊರಗೆ ಹೋದಾಗಲೆಲ್ಲ ಕಲ್ಲಿನೊಂದಿಗೆ ಬರುತ್ತಿದ್ದುದರಿಂದ ಉಸ್ತಾದ್ ಅವರಿಗೆ ಕಲ್ಲಪ್ಪ ಎಂದು ಹೆಸರಿಟ್ಟಿದ್ದರು. ಅವರು ಅದನ್ನು ಗೌರವಸೂಚಕ ಎಂದು ತಿಳಿದು ಖುಷಿಪಟ್ಟಿದ್ದರು. ಇನ್ನೊಬ್ಬ ಸಂಪರ್ಕ ವಿಭಾಗದವನು. ಉಪಗ್ರಹ ಫೋನಿನಲ್ಲಿ ಕೂಗಿ ಕೂಗಿ ಹಲೋ ಎಂದೇ ಹೆಸರಾದವನು. ಈ ಹಲೋಗೆ ಸಕ್ಕರೆ ಕರಗಿದ ಮೇಲೂ ಚಹಾ ಕಲಕುವ ಅಭ್ಯಾಸ. ಸ್ಟೀಲ್ ಮಗ್ಗು, ಸ್ಟೀಲ್ ಚಮಚ. ಟಿಣ್ ಟಿಣ್ ಟಿಣ್. ಮಾರ್ಚಿನಲ್ಲಿ ಅದು ಯಾರಿಗೂ ಕೇಳಿಸಿರಲಿಲ್ಲ. ಜುಲೈನ ಒಂದು ಬೆಳಿಗ್ಗೆ ಕಲ್ಲಪ್ಪ ಎದ್ದು ನಿಂತು, “ಆ ಚಮಚ ನಿಲ್ಲಿಸ್ತೀಯೋ ಇಲ್ಲವೋ?” ಎಂದು ಗುಡುಗಿದರು. ಹಲೋ ನಿಲ್ಲಿಸಲಿಲ್ಲ. ಅಂದಿನಿಂದ ಮಾತುಕತೆ ಬಂದ್.

ಬೇರೆ ಊರಾಗಿದ್ದರೆ ಒಬ್ಬರು ಬೇರೆ ಹೋಟೆಲಿಗೆ ಹೋಗುತ್ತಿದ್ದರು. ಮೈತ್ರಿಯಲ್ಲಿ ಇರುವುದೊಂದೇ ಊಟದ ಕೋಣೆ. ಹೊರಗೆ ಹೋಗೋಣವೆಂದರೆ ಪುಸ್ತಕದಲ್ಲಿ ಹೆಸರು ಬರೆದು, ವಾಕಿಟಾಕಿ ಹಿಡಿದು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕು. ಒಂಟಿಯಾಗಿ ಮುನಿಸಿಕೊಳ್ಳಲೂ ನಿಯಮ ಬಿಡುವುದಿಲ್ಲ. ಹಾಗಾಗಿ ಕಲ್ಲಪ್ಪನಿಗೆ ಉಪ್ಪು ಬೇಕಾದರೆ ನನಗೆ ಹೇಳುವುದು, ನಾನು ಹಲೋಗೆ ಹೇಳುವುದು.

ಲೀಡರ್ ಸಾಹೇಬರು ಪಂಚಾಯ್ತಿ ಕೂಡಿಸಲಿಲ್ಲ, ಬುದ್ಧಿ ಹೇಳಲಿಲ್ಲ. ಮುಂದಿನ ಗ್ಯಾಲಿ ಡ್ಯೂಟಿಗೆ ಇಬ್ಬರ ಹೆಸರನ್ನೂ ಒಂದೇ ದಿನ ಹಾಕಿದರು. ಮಹಾರಾಜ್ ಅವತ್ತು ಪೂರಿ ಮಾಡುವುದೆಂದ. ಕಲ್ಲಪ್ಪ ಕರಿಯುವುದು, ಹಲೋ ಲಟ್ಟಿಸುವುದು. ಮೊದಲ ಹತ್ತು ಪೂರಿ ಮೌನದಲ್ಲೇ ಎಣ್ಣೆಗೆ ಬಿದ್ದವು, ಒಂದೂ ಉಬ್ಬಲಿಲ್ಲ. ಹನ್ನೊಂದನೆಯದಕ್ಕೆ ಕಲ್ಲಪ್ಪ ತಡೆಯಲಾರದೆ, “ದಪ್ಪ ಆಯ್ತು” ಎಂದರು. “ಎಣ್ಣೆ ಕಾದಿಲ್ಲ” ಎಂದ ಹಲೋ. ಅಷ್ಟೇ. ಇದನ್ನು ರಾಜಿ ಅನ್ನಲಾಗದು. ಪೂರಿಯ ಮಟ್ಟಿಗಿನ ಮಾತು. ಓಣಿಯಿಲ್ಲದ ಊರಲ್ಲಿ ಸ್ನೇಹ ಇಲ್ಲದಿದ್ದರೂ ನಡೆದೀತು, ಪೂರಿ ಉಬ್ಬುವಷ್ಟು ಮಾತು ಬೇಕೇ ಬೇಕು.

ನವೆಂಬರಿನಲ್ಲಿ ಕೇಪ್‌ಟೌನಿನಿಂದ ವಿಮಾನ ಬಂತು. ನಾವು ಕಾದು ಕಾದು ಕೂತಿದ್ದ ಟೊಮೇಟೊ, ಬಾಳೆಹಣ್ಣು ಎಲ್ಲ ಬಂದವು. ಜೊತೆಗೆ ಹೊಸ ಜನ. ಅವರು ಜೋರಾಗಿ ಮಾತಾಡುತ್ತಿದ್ದರು, ಬಾಗಿಲು ಧಡಾರನೆ ಹಾಕುತ್ತಿದ್ದರು, ಬೂಟು ಎಲ್ಲೆಂದರಲ್ಲಿ ಬಿಡುತ್ತಿದ್ದರು. ಚಹಾದ ಹೊತ್ತಿಗೆ ಒಬ್ಬ ಹುಡುಗ ಕಲ್ಲಪ್ಪನ ಕುರ್ಚಿಯಲ್ಲಿ ಕೂತು ಮಗ್ಗಿಗೆ ಸಕ್ಕರೆ ಹಾಕಿ ಕಲಕತೊಡಗಿದ. ಟಿಣ್ ಟಿಣ್ ಟಿಣ್. ಕಲ್ಲಪ್ಪ ಹಲೋನ ಮುಖ ನೋಡಿದರು. ಹಲೋ ಎದ್ದು ಹೋಗಿ ಆ ಹುಡುಗನ ಹೆಗಲ ಮೇಲೆ ಕೈಯಿಟ್ಟು, “ತಮ್ಮಾ, ಚಮಚ ಕೆಳಗಿಡು, ದಾದಾಗೆ ಆಗಿಬರಲ್ಲ. ಮತ್ತೆ ಅದು ಅವರ ಕುರ್ಚಿ” ಎಂದ.